ಪೇಟಿ ಇಲ್ಲದ ಆಟ

ಯಾದಗಿರಿ ಸೀಮೆಯ ಊರುಗಳಲ್ಲಿ ದೊಡ್ಡಾಟ ಕೂಡಿಸಬೇಕು ಎಂದಾಗ ಮೊದಲು ಬರುವ ಪ್ರಶ್ನೆ, ಪೇಟಿ ಮಾಸ್ತರ ಯಾರು ಎಂಬುದು. ಭೀಮ ಯಾರು, ಕೀಚಕ ಯಾರು ಎಂಬುದೆಲ್ಲ ಆಮೇಲಿನ ಮಾತು. ಮಾಸ್ತರರು ಒಪ್ಪಿದರೆಂದರೆ ಆಟ ಅರ್ಧ ಆದ ಹಾಗೆ. ಆಟದ ಪುಸ್ತಕ ತರುವವರು ಅವರು. ಒಬ್ಬೊಬ್ಬರನ್ನೂ ಎದುರಿಗೆ ಕೂಡಿಸಿಕೊಂಡು ದನಿ ನೋಡಿ ಪಾತ್ರ ಹಂಚುವವರು ಅವರು. ಹೊಲದಿಂದ ಬಂದು ಉಂಡು ಕೈ ತೊಳೆದವರನ್ನು ರಾತ್ರಿ ಕೂಡಿಸಿ ತಿಂಗಳುಗಟ್ಟಲೆ ತಾಲೀಮು ಮಾಡಿಸಿ, ಆಟದ ದಿನ ಹಾರ್ಮೋನಿಯಂ ಮುಂದಿಟ್ಟುಕೊಂಡು ಬೆಳಗಿನ ಮಂಗಳದ ತನಕ ಏಳದೆ ಕೂಡುವವರೂ ಅವರೇ. ರಾಮಸಮುದ್ರದಲ್ಲಿ ಹುಟ್ಟಿ ಬೆಳೆದ ನನಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೂ ಒಂದು ವರ್ಷ ನಮ್ಮೂರ ಆಟದಿಂದ ಪೇಟಿಯನ್ನು, ಪೇಟಿಯ ಜೊತೆಗೆ ಮಾಸ್ತರರನ್ನು, ನಾನು ಹೊರಗಿಟ್ಟೆ. ಹಳೆಯ ಕಲೆಯನ್ನು ಉಳಿಸುತ್ತಿದ್ದೇನೆ ಎಂಬ ನಂಬಿಕೆಯಿಂದಲೇ ಆ ಕೆಲಸ ಮಾಡಿದೆ.

ಇದಕ್ಕೆ ಮೂಲವಾದದ್ದು ನಾಲ್ಕು ನೂರು ವರ್ಷ ಹಳೆಯ ಒಂದು ಇಟಲಿಯ ಆಟ. ಬೆಂಗಳೂರಿನ ಗೆಳೆಯನೊಬ್ಬನಿಗೆ ಪಾಶ್ಚಾತ್ಯ ಸಂಗೀತದ ಹುಚ್ಚು. ನಾನು ಕಲಬುರಗಿಯ ಕಾಲೇಜೊಂದರಲ್ಲಿ ಪಾಠ ಹೇಳುವವನು. ಜನಪದ ರಂಗಭೂಮಿಯ ಮೇಲೆ ಅಷ್ಟಿಷ್ಟು ಓದಿಕೊಂಡಿದ್ದೆ. ರಜೆಗೆ ಅವನ ಮನೆಗೆ ಹೋದಾಗ, ನಿನಗೆ ಇದು ಹಿಡಿಸುತ್ತದೆ ಎಂದು ಒಂದು ಡಿವಿಡಿ ಹಾಕಿದ. ಕ್ಲಾಡಿಯೊ ಮಾಂಟೆವರ್ಡಿ ರಚಿಸಿದ ‘ಆರ್ಫಿಯೊ’. ಅದನ್ನು ಮೊದಲು ಆಡಿದ್ದು 1607ರಲ್ಲಿ, ಮಾಂಟುವಾ ಎಂಬ ಊರಿನ ಗೊಂಜಾಗಾ ಮನೆತನದ ಅರಮನೆಯಲ್ಲಿ. ನಮ್ಮ ಕಡೆ ಆಗ ಬಿಜಾಪುರದ ಗದ್ದುಗೆಯ ಮೇಲೆ ಎರಡನೇ ಇಬ್ರಾಹಿಂ ಆದಿಲ್‌ಶಾಹ ಇದ್ದ, ರಾಗಗಳಿಗೆ ಹಾಡು ಕಟ್ಟಿ ‘ಕಿತಾಬ್-ಎ-ನೌರಸ್’ ಬರೆದವನು. ಅವನ ಕಾಲದ ಸಂಗೀತ ಹೇಗೆ ಕೇಳಿಸುತ್ತಿತ್ತು ಎಂದು ನಾವು ಊಹೆ ಮಾಡಬೇಕಷ್ಟೆ. ಆದರೆ ಅದೇ ಕಾಲದ ಇಟಲಿಯದು ನನ್ನ ಕಣ್ಣೆದುರು, ಬಣ್ಣಬಣ್ಣದಲ್ಲಿ ನಡೆಯುತ್ತಿತ್ತು.

ಅದು 2002ರಲ್ಲಿ ಬಾರ್ಸಿಲೋನಾದ ಲಿಸೆಯು ರಂಗಮಂದಿರದಲ್ಲಿ ಆಡಿದ್ದು. ಮೇಳದ ಮುಖ್ಯಸ್ಥ ಜೋರ್ಡಿ ಸವಾಲ್. ತುತ್ತೂರಿಗಳು ಮೊಳಗುತ್ತಿರುವಾಗ ಆತ ಮಾಂಟೆವರ್ಡಿಯ ಕಾಲದ ನಿಲುವಂಗಿ ತೊಟ್ಟು ಪ್ರೇಕ್ಷಕರ ನಡುವೆಯೇ ನಡೆದು ಬಂದು ಮೇಳದ ಮುಂದೆ ನಿಂತ. ಆಮೇಲೆ ಒಬ್ಬ ಹೆಣ್ಣುಮಗಳು ಬಂದಳು. ತಾನು ಯಾರು, ಎಲ್ಲಿಂದ ಬಂದೆ, ಇವತ್ತು ಯಾರ ಕಥೆ ಹೇಳುತ್ತೇನೆ ಎಂದು ಹಾಡಿ, ಸಭೆಗೆ ಸುಮ್ಮನಿರಲು ಕೇಳಿಕೊಂಡಳು. ಸಂಗೀತ ಎಂಬುದೇ ಅವಳ ಪಾತ್ರದ ಹೆಸರು. ಹಾಡಿದವರು ಸವಾಲ್ ಅವರ ಹೆಂಡತಿ ಮೊಂಟ್ಸೆರಾಟ್ ಫಿಗೆರಾಸ್. ನಾನು ಕುರ್ಚಿಯ ತುದಿಗೆ ಬಂದಿದ್ದೆ. ನಮ್ಮ ದೊಡ್ಡಾಟದಲ್ಲಿ ಗಣಪತಿ ಸ್ತುತಿ ಮುಗಿದ ಮೇಲೆ ಸಾರಥಿ ಬಂದು ಮಾಡುವ ಕೆಲಸ ಇದೇ ಅಲ್ಲವೆ! ಬಂದ ಪಾತ್ರವನ್ನು ಮಾತಿಗೆಳೆದು ‘ತಾವು ಧಾರು’ ಎಂದು ಕೇಳುವ ಸಾರಥಿ ಅಲ್ಲಿಯೂ ಇದ್ದಾನೆ ಎಂದು ಗೆಳೆಯನಿಗೆ ಹೇಳಿದೆ. ಅವನು ನಕ್ಕ. ನನಗೆ ನಗು ಬರಲಿಲ್ಲ.

ಆ ವಾದ್ಯಗಳನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಆಳೆತ್ತರದ, ಉದ್ದ ಕುತ್ತಿಗೆಯ ತಂತಿವಾದ್ಯ, ಬಾಗಿದ ಕಟ್ಟಿಗೆಯ ಕೊಳವೆ, ಕುರಿ ಕರುಳಿನ ತಂತಿ ಬಿಗಿದ ಪಿಟೀಲು. ದನಿ ಒರಟು, ಹತ್ತಿರದ್ದು, ಜೀವದ್ದು. ಮದುವೆಯ ದಿನವೇ ಹಾವು ಕಚ್ಚಿ ಹೆಂಡತಿ ಸತ್ತಳೆಂದು ಆರ್ಫಿಯೊಗೆ ಸುದ್ದಿ ಬರುವ ಜಾಗದಲ್ಲಿ ನನಗೆ ಭಾಷೆ ಒಂದಕ್ಷರ ಗೊತ್ತಿಲ್ಲದೆಯೂ ಗಂಟಲು ಕಟ್ಟಿತು. ಗೆಳೆಯ ಆಮೇಲೆ ಇತಿಹಾಸ ಹೇಳಿದ. ಯುರೋಪಿನವರು ಬರೋಕ್ ಎಂದು ಕರೆಯುವುದು ಸುಮಾರು 1600ರಿಂದ 1750ರ ತನಕದ ಸಂಗೀತವನ್ನು. ಮುಂದೆ ಅದನ್ನು ಹೊಸ ಕಾಲದ ದೊಡ್ಡ ಆರ್ಕೆಸ್ಟ್ರಾಗಳು, ಹೊಸ ವಾದ್ಯಗಳಲ್ಲಿ, ಹೊಸ ರೀತಿಯಲ್ಲಿ ನುಡಿಸತೊಡಗಿದವು. ಇಪ್ಪತ್ತನೆಯ ಶತಮಾನದಲ್ಲಿ ಕೆಲವರು ಎದ್ದು ನಿಂತರು. ವಿಯೆನ್ನಾದ ನಿಕೋಲಾಸ್ ಹಾರ್ನನ್‌ಕೋರ್ಟ್ ದಂಪತಿ 1953ರಲ್ಲಿ ತಮ್ಮದೇ ಮೇಳ ಕಟ್ಟಿಕೊಂಡು, ಮೂಲೆ ಸೇರಿದ್ದ ಹಳೆಯ ವಾದ್ಯಗಳನ್ನು ಹುಡುಕಿ ತಂದು, ಹಳೆಯ ಪುಸ್ತಕಗಳನ್ನು ಓದಿ, ಅಂದಿನಂತೆ ನುಡಿಸಲು ಕೂತರು. ಶ್ರುತಿಯನ್ನು ಸಹ ಇಂದಿನದಕ್ಕಿಂತ ಸುಮಾರು ಅರ್ಧ ಸ್ವರ ಇಳಿಸಿಕೊಂಡು ನುಡಿಸುವ ರೂಢಿ ಬಂತು. ಧೂಳು ಹಿಡಿದು ಕೂತಿದ್ದ ಸಂಗೀತ ಮತ್ತೆ ಕುಣಿಯತೊಡಗಿತು.

ನಾನು ಇದರಿಂದ ಎತ್ತಿಕೊಂಡದ್ದು ಒಂದೇ ಎಳೆ: ಹೊಸ ವಾದ್ಯ ತೆಗೆದರೆ ಹಳೆಯ ಜೀವ ತಾನಾಗಿ ಎದ್ದು ಬರುತ್ತದೆ. ಕಲಬುರಗಿಗೆ ರೈಲಿನಲ್ಲಿ ಬರುವಾಗ ರಾತ್ರಿಯೆಲ್ಲ ಅದನ್ನೇ ತಲೆಯಲ್ಲಿ ತಿರುಗಿಸಿದೆ. ನಮ್ಮ ಆಟದಲ್ಲಿ ಹೊಸದು ಯಾವುದು? ಪೇಟಿ. ಅದು ಈ ನೆಲದ್ದೇ ಅಲ್ಲ. ಹಾರ್ಮೋನಿಯಂ ಪ್ಯಾರಿಸ್ಸಿನಲ್ಲಿ 1840ರ ಸುಮಾರಿಗೆ ಹುಟ್ಟಿದ್ದು. ನೆಲದ ಮೇಲೆ ಕೂತು ಒಂದು ಕೈಯಲ್ಲಿ ತಿದಿ ಒತ್ತಿ ನುಡಿಸುವ ರೂಪವನ್ನು ಕಲ್ಕತ್ತೆಯ ದ್ವಾರಕಾನಾಥ ಘೋಷ್ ಅವರು 1875ರಲ್ಲಿ ಕೊಟ್ಟದ್ದು. ಅದಕ್ಕೂ ಮೊದಲು, ನಮ್ಮ ದೊಡ್ಡಾಟದ ಬಳಗದ್ದೇ ಆದ ಮೂಡಲಪಾಯದ ಆಟಗಳಿಗೆ ಮುಖವೀಣೆ ಇತ್ತು. ತುಮಕೂರು, ಮಂಡ್ಯದ ಕಡೆ ಇನ್ನೂ ಅದನ್ನು ಊದುವವರಿದ್ದಾರೆ. ಹಾಗಾದರೆ ಪೇಟಿ ತೆಗೆದು ಮುಖವೀಣೆ ತರೋಣ. ಮೈಕು ಬೇಡ. ಸಿನಿಮಾ ಧಾಟಿ ಬೇಡ. ಪುಸ್ತಕದಲ್ಲಿ ಯಾವ ರಾಗ ಬರೆದಿದೆಯೋ ಅದನ್ನೇ ಹಾಡಿಸೋಣ.

ಊರ ಜಾತ್ರೆಗೆ ‘ಕೀಚಕ ವಧೆ’ ಆಡಬೇಕೆಂದು ಆಗಲೇ ಮಾತಾಗಿತ್ತು. ನಮ್ಮ ಕಡೆ ಆಟಕ್ಕೆ ದುಡ್ಡು ಕೂಡುವುದು ಪಾತ್ರಧಾರಿಗಳಿಂದಲೇ. ಇಂಥ ಪಾತ್ರಕ್ಕೆ ಇಷ್ಟು ಎಂದು ಪಟ್ಟಿ ಹಾಕುತ್ತಾರೆ. ನಾನು ಅರ್ಧಕ್ಕಿಂತ ಹೆಚ್ಚು ಖರ್ಚು ನನ್ನದು ಎಂದೆ. ದುಡ್ಡು ಹಾಕುವವನು, ಮೇಲಾಗಿ ಕಾಲೇಜಿನ ಮಾಸ್ತರ, ಹೇಳುವಾಗ ಯಾರು ಬೇಡ ಅಂದಾರು? ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ‘ಪೇಟಿ ಮಾಸ್ತರಿಗೆ ಒಂದ್ ಮಾತ್ ಕೇಳ್ರಿ’ ಎಂದು ಒಬ್ಬರು ಮೆಲ್ಲಗೆ ಅಂದರು.

ಕೇಳಲಿಕ್ಕೆ ಅಲ್ಲ, ಹೇಳಲಿಕ್ಕೆ ಹೋದೆ. ತೊಗರಿ ರಾಶಿಯ ದಿನಗಳು. ಮಾಸ್ತರರು ಅಂಗಳದಲ್ಲಿ ಚೀಲದ ಬಾಯಿ ಹೊಲಿಯುತ್ತ ಕೂತಿದ್ದರು. ನಾನು ಹುಡುಗನಿದ್ದಾಗ ಬಾಲಗೋಪಾಲನ ಪಾತ್ರಕ್ಕೆ ಬಣ್ಣ ಹಚ್ಚಿ ಅಟ್ಟಕ್ಕೆ ಹತ್ತಿಸಿದವರು ಅವರೇ. ನಾನು ಎಲ್ಲವನ್ನೂ ಹೇಳಿದೆ, ಆರ್ಫಿಯೊ, ಕರುಳಿನ ತಂತಿ, ಪ್ಯಾರಿಸ್. ಪೇಟಿಯ ಸ್ವರಗಳು ಬಿಡಿಬಿಡಿ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲು ಬರುವುದಿಲ್ಲ, ಅದಕ್ಕೇ ಆಕಾಶವಾಣಿಯವರು 1940ರಿಂದ 1971ರ ತನಕ ಅದನ್ನು ದೂರವಿಟ್ಟಿದ್ದರು ಎಂದೂ ಹೇಳಿದೆ. ಮನುಷ್ಯನೊಬ್ಬ ಜೀವಮಾನವಿಡೀ ನುಡಿಸಿದ ವಾದ್ಯದ ಬಗ್ಗೆ ಅವನ ಅಂಗಳದಲ್ಲೇ ಕೂತು ಇದನ್ನೆಲ್ಲ ಹೇಳಿದೆನಲ್ಲ ಎಂದು ನೆನೆಸಿಕೊಂಡರೆ ಈಗಲೂ ಮೈ ಮುದುಡುತ್ತದೆ. ಅವರು ದಬ್ಬಣ ನೆಲಕ್ಕೆ ಚುಚ್ಚಿಟ್ಟು ಪೂರ್ತಿ ಕೇಳಿದರು.

‘ಓದಿದವರು ಹೇಳ್ಲಕತ್ತೀರಿ. ಮಾಡ್ರಿ ಸರ್’ ಅಂದರು. ಅಲ್ಲಿಯ ತನಕ ನನ್ನನ್ನು ‘ತಮ್ಮಾ’ ಎನ್ನುತ್ತಿದ್ದವರು. ಒಳಗೆ ಹೋಗಿ ಆಟದ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ತಂದು ಕೊಟ್ಟರು. ನನಗೆ ಅದು ಒಪ್ಪಿಗೆಯಂತೆ ಕಂಡಿತು.

ಪುಸ್ತಕವೆಂದರೆ ಕೈಬರಹದ ದಪ್ಪ ನೋಟು. ದರುವು, ಕಂದ, ದ್ವಿಪದಿ, ವಚನ, ಹೀಗೆ ಸಾಲಾಗಿ. ಪ್ರತಿ ಪದದ ತಲೆಯ ಮೇಲೆ ರಾಗ ಇದು, ತಾಳ ಇದು ಎಂದು ಕೆಂಪು ಮಸಿಯಲ್ಲಿ ಬರೆದದ್ದು. ಸ್ವರ ಬರೆದಿರಲಿಲ್ಲ. ದೊಡ್ಡಾಟದ ಯಾವ ಪುಸ್ತಕದಲ್ಲೂ ಸಾಮಾನ್ಯವಾಗಿ ಇರುವುದಿಲ್ಲ. ಧಾಟಿ ಬಾಯಿಂದ ಬಾಯಿಗೆ ಬರುವಂಥದು. ಕೀಚಕ ತುಂಬಿದ ಸಭೆಯಲ್ಲಿ ಒದ್ದ ಮೇಲೆ ಸೈರಂಧ್ರಿ ರಾತ್ರಿ ಅಡುಗೆಮನೆಗೆ ಹೋಗಿ ವಲಲನನ್ನು, ಅಂದರೆ ಭೀಮನನ್ನು, ಎಬ್ಬಿಸಿ ಅಳುವ ದರುವಿಗೆ ‘ರಾಗ ಕಾಂಬೋದಿ, ತಾಳ ಆದಿ’ ಎಂದಿತ್ತು. ಆ ಪಾತ್ರ ಮಾಡುತ್ತಿದ್ದವನು ನನಗೆ ಸಂಬಂಧದಲ್ಲಿ ಅಳಿಯ, ಬೆಂಗಳೂರಿನಲ್ಲಿ ಗಾರೆ ಕೆಲಸ. ಗುಳೆ ಹೋದವರೆಲ್ಲ ಜಾತ್ರೆಗೆ ಬರುವುದು ರೂಢಿ. ಇವನು ಪಾತ್ರಕ್ಕೋಸ್ಕರ ಇನ್ನೂ ಮುಂಚೆ, ಕೂಲಿ ಬಿಟ್ಟು ಬಂದಿದ್ದ. ಅವನು ತನಗೆ ಬರುವ ಧಾಟಿಯಲ್ಲಿ ಹಾಡಿದ. ಕೇಳಿದರೆ ಕರುಳು ಕಿತ್ತು ಬರುವಂತಿತ್ತು. ಆದರೆ ನನ್ನ ಕೈಯಲ್ಲಿ ಪುಸ್ತಕವಿತ್ತು. ಇದು ಕಾಂಬೋದಿ ಅಲ್ಲ ಎಂದೆ. ಫೋನಿನಲ್ಲಿ ದೊಡ್ಡ ವಿದ್ವಾಂಸರೊಬ್ಬರ ಕಾಂಬೋಜಿ ಹಾಕಿ ಕೇಳಿಸಿದೆ.

‘ಮಾಮಾ, ನಮ್ಮ ಮುತ್ಯಾನೂ ಹಿಂಗೇ ಹಾಡ್ತಿದ್ದ’ ಎಂದ.

‘ಮುತ್ಯಾ ತಪ್ಪು ಹಾಡಿರಬಹುದು’ ಎಂದೆ.

ಅವನು ಮತ್ತೆ ವಾದಿಸಲಿಲ್ಲ. ಹೇಳಿದಂತೆ ಹಾಡಲು ದಿನಾ ಕಷ್ಟಪಟ್ಟ. ಹೊಸ ಸ್ವರ ಕೂಡಲಿಲ್ಲ, ಹಳೆಯದು ಕೈ ಬಿಟ್ಟಿತು. ಹಾಡುವಾಗ ಅವನು ನನ್ನ ಮುಖ ನೋಡುತ್ತ ಹಾಡತೊಡಗಿದ. ಅದಕ್ಕಿಂತ ಕೆಟ್ಟ ಲಕ್ಷಣ ಬೇರೆ ಇಲ್ಲ ಎಂದು ಅರಿಯುವಷ್ಟು ಅನುಭವ ನನಗಿರಲಿಲ್ಲ.

ತುಮಕೂರಿನ ಕಡೆಯಿಂದ ಮುಖವೀಣೆ ಊದುವ ಹಿರಿಯರೊಬ್ಬರು ಬರಲು ಒಪ್ಪಿದ್ದರು. ದೂರದ ಹಾದಿ, ಆಟಕ್ಕೆ ತುಸು ಮೊದಲು ಬಂದರೆ ಸಾಕು ಎಂದು ನಾನೇ ಹೇಳಿದ್ದೆ. ತಾಲೀಮೆಲ್ಲ ಮದ್ದಳೆ, ತಾಳ ಮತ್ತು ಫೋನಿನ ತಂಬೂರಿಯ ಮೇಲೆ ನಡೆಯಿತು. ಶ್ರುತಿಯನ್ನು ಪಾತ್ರಧಾರಿಗಳು ತಮಗೆ ಒಗ್ಗುವಲ್ಲಿ ಇಟ್ಟುಕೊಂಡಿದ್ದರು. ಹಿರಿಯರು ಬಂದು ಚೀಲದಿಂದ ವಾದ್ಯ ತೆಗೆದು ಓಲೆ ಒದ್ದೆ ಮಾಡಿ ಊದಿದಾಗ ನನಗೆ ಎದೆ ಧಸಕ್ಕೆಂದಿತು. ಮುಖವೀಣೆ ಗಿಡ್ಡ ವಾದ್ಯ, ಅದರ ದನಿ ಮೇಲಿನದು, ಚೂಪು. ಪೇಟಿಯಾದರೆ ಹಾಡುವವನ ಕಂಠಕ್ಕೆ ತಕ್ಕಂತೆ ಕರಿ ಎರಡೋ ಬಿಳಿ ನಾಲ್ಕೋ, ಬೇಕಾದ ಕಡೆ ಷಡ್ಜ ಹಿಡಿಯಬಹುದು. ಮುಖವೀಣೆಗೆ ಇರುವುದು ಅದರ ಕಟ್ಟಿಗೆಯೊಳಗೆ ಕೊರೆದಿಟ್ಟ ಒಂದೇ ಶ್ರುತಿ. ಕಂಠವೇ ಅಲ್ಲಿಗೆ ಏರಬೇಕು. ಮೈಕಿಲ್ಲದ ಕಾಲದವರು ಚಿಕ್ಕಂದಿನಿಂದ ಹಾಗೆ ಏರಿ ಹಾಡಿ ಪಳಗಿದವರು. ನಮ್ಮವರು ಪೇಟಿಯ ಆಸರೆಯಲ್ಲಿ ಬೆಳೆದವರು. ಮೇಲಾಗಿ ಆ ಹಿರಿಯರಿಗೆ ತಮ್ಮ ಸೀಮೆಯ ಆಟಗಳ ಧಾಟಿ ಗೊತ್ತು, ನಮ್ಮವು ಹೊಸವು. ‘ಸ್ವಾಮಿ, ಒಂದು ತಿಂಗಳು ಮುಂಚೆ ಕರೆಸಬೇಕಿತ್ತು ನೀವು’ ಎಂದರು. ತಪ್ಪು ಅವರದಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಅವರಷ್ಟು ಸುಂದರವಾಗಿ ಊದುವವರನ್ನು ನಾನು ಇವತ್ತಿಗೂ ಕೇಳಿಲ್ಲ.

ಗಣಪತಿ ಸ್ತುತಿ ಚೆನ್ನಾಗಿಯೇ ಆಯಿತು. ಸಾರಥಿಯ ಮಾತು, ವಿರಾಟನ ಒಡ್ಡೋಲಗದ ತನಕ ಜನ ಕೂತು ನೋಡಿದರು; ಕುಣಿತಕ್ಕೆ ಮುಖವೀಣೆ ಕೇಳಿ ಮುದುಕರ ಮುಖ ಅರಳಿತು. ನಾನು ಅಟ್ಟದ ಪಕ್ಕದಲ್ಲಿ ನಿಂತು ಅದನ್ನು ನೋಡಿ ಹಿಗ್ಗಿದೆ. ಕೀಚಕ ಬಂದ. ಭುಜಕೀರ್ತಿ, ಎದೆಹಾರ, ಆಳೆತ್ತರ ಕಾಣುವ ಕಿರೀಟ, ಹೆಜ್ಜೆಗೆ ಅಟ್ಟ ನಡುಗಿತು. ಹಾಡಲು ಬಾಯಿ ತೆರೆದ. ಎರಡನೆಯ ಸಾಲಿಗೆ ದನಿ ಒಡೆಯಿತು. ಕೆಳಗಿಳಿಸಿಕೊಂಡು ಹಾಡಿದ, ಆಗ ವಾದ್ಯ ಒಂದು ಕಡೆ, ಹಾಡು ಒಂದು ಕಡೆ. ಮದ್ದಳೆಯವನು ಯಾರನ್ನು ಹಿಡಿಯಬೇಕೆಂದು ತಿಳಿಯದೆ ಕೈ ತಡೆದ. ದೀಪಕ್ಕೆಂದು ತಂದ ಜನರೇಟರ್ ಅಟ್ಟದ ಹಿಂದೆಯೇ ಗುಡುಗುತ್ತಿತ್ತು. ಮೈಕು ಬೇಡವೆಂದಿದ್ದೆನಲ್ಲ, ಹಿಂದೆ ಕೂತವರಿಗೆ ಮಾತೂ ಕೇಳಿಸದು, ಪದವೂ ಕೇಳಿಸದು. ಮೊದಲು ಹಿಂದಿನ ಸಾಲಿನ ಹುಡುಗರು ಎದ್ದರು. ಆಮೇಲೆ ಹೆಣ್ಣುಮಕ್ಕಳು ಮಲಗಿದ ಕೂಸುಗಳನ್ನು ಹೆಗಲಿಗೆ ಹಾಕಿಕೊಂಡರು. ಪಕ್ಕದ ಊರುಗಳಿಂದ ಟಂಟಂನಲ್ಲಿ ಬಂದವರು ಗಾಡಿ ಚಾಲೂ ಮಾಡಿದರು. ಹಾಸಿದ ತಟ್ಟು ಝಾಡಿಸಿ ಮಡಚುವ ಸದ್ದು ಬಯಲ ತುಂಬ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಯಾರೂ ಬೈಯಲಿಲ್ಲ.

ನಡುರಾತ್ರಿಯ ಹೊತ್ತಿಗೆ ಹಿರಿಯರು ಒಳಗೆ ಬಂದು, ‘ಮಂಗಳ ಹಾಡಿಬಿಡ್ರಿ’ ಎಂದರು. ಆಟ ಎತ್ತಿದ ಮೇಲೆ ಮಂಗಳ ಹಾಡದೆ ಇಳಿಯುವಂತಿಲ್ಲ, ಊರಿಗೆ ಒಳ್ಳೆಯದಲ್ಲ ಎಂಬ ನಂಬಿಕೆ. ಕೀಚಕ ಸಾಯಲಿಲ್ಲ. ಸೈರಂಧ್ರಿ ಭೀಮನ ಹತ್ತಿರ ಹೋಗಲೇ ಇಲ್ಲ. ಅಳಿಯ ಪರದೆಯ ಹಿಂದೆ ಸೀರೆಯ ನಿರಿಗೆ ಹಿಡಿದು ತನ್ನ ಪದಕ್ಕೆ ಸಜ್ಜಾಗಿ ನಿಂತಿದ್ದ. ಮಂಗಳ ಶುರುವಾದದ್ದು ಕೇಳಿ, ಈಗಲೇ ಯಾಕೆ ಎಂಬಂತೆ ನನ್ನ ಕಡೆ ನೋಡಿದ. ಅವನ ತಾಯಿ ಮುಂದಿನ ಸಾಲಿನಲ್ಲಿ ಸಂಜೆಯಿಂದ ಕೂತಿದ್ದಳು. ಮಗ ಕೂಲಿಯಲ್ಲಿ ಉಳಿಸಿದ ದುಡ್ಡು ಆ ಪಾತ್ರದ ಪಟ್ಟಿಗೆ ಹೋಗಿತ್ತು. ಮರುದಿನ ಸಂಜೆ ಅವನು ಬೆಂಗಳೂರಿನ ಬಸ್ಸು ಹತ್ತಿದ. ಪಟ್ಟಿಯ ದುಡ್ಡು ತಿರುಗಿ ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ. ‘ಇರ್ಲಿ ಬಿಡು ಮಾಮಾ, ಊರ ಕೆಲಸ’ ಎಂದ.

ಬಹಳ ದಿನ ನಾನು ಊರಿಗೆ ಹೋಗಲಿಲ್ಲ. ಅವ್ವ ಫೋನು ಮಾಡಿದರೆ ಪರೀಕ್ಷೆ, ಪೇಪರು ನೋಡುವುದು ಎಂದು ನೆವ ಹೇಳಿದೆ. ಸೋಲಿಗೆ ಕಾರಣಗಳನ್ನು ಹುಡುಕಿದೆ: ಜನರೇಟರ್, ಕಡಿಮೆಯಾದ ತಾಲೀಮು, ಜನಕ್ಕೆ ಅಭಿರುಚಿ ಇಲ್ಲ. ಕೊನೆಯದಂತೂ ನಿಜವಲ್ಲ. ಅದೇ ಜನ ಬೆಳಗಿನ ತನಕ ಚಳಿಯಲ್ಲಿ ಕೂತು ದೊಡ್ಡಾಟ ನೋಡಿದ್ದನ್ನು ಚಿಕ್ಕಂದಿನಿಂದ ಕಂಡವನು ನಾನು.

ಕಣ್ಣು ತೆರೆಸಿದ್ದು ಮತ್ತೆ ಆ ಆರ್ಫಿಯೊನೇ. ಗೆಳೆಯ ಡಿವಿಡಿಯ ಪ್ರತಿ ಕೊಟ್ಟಿದ್ದ. ಈ ಸಲ ವೇಷಭೂಷಣ ಬಿಟ್ಟು ಮೇಳವನ್ನಷ್ಟೇ ನೋಡಿದೆ. ಹೆಂಡತಿಯನ್ನು ಹುಡುಕಿಕೊಂಡು ಆರ್ಫಿಯೊ ಪಾತಾಳದ ನದಿಯ ದಡಕ್ಕೆ ಬರುತ್ತಾನೆ. ಅಲ್ಲಿ ಸತ್ತವರನ್ನು ದಾಟಿಸುವ ಅಂಬಿಗ ಕರೋಂತೆ ಅಡ್ಡ ನಿಂತು ಗಡಸು ದನಿಯಲ್ಲಿ ಹಾಡುತ್ತಾನೆ. ಆ ದನಿಯ ಕೆಳಗೆ ಏನೋ ಒಂದು ಗುರ್ ಎನ್ನುತ್ತಿತ್ತು, ಪರಿಚಯದ್ದು. ಹುಡುಕಿ ಓದಿದೆ. ಮಾಂಟೆವರ್ಡಿ 1609ರಲ್ಲಿ ವೆನಿಸ್ಸಿನಲ್ಲಿ ಈ ಆಟವನ್ನು ಅಚ್ಚು ಹಾಕಿಸುವಾಗ ಮೊದಲ ಪುಟಗಳಲ್ಲೇ ವಾದ್ಯಗಳ ಪಟ್ಟಿ ಕೊಟ್ಟಿದ್ದಾನೆ. ಅದರಲ್ಲಿ ರೀಗಲ್ ಎಂಬುದೊಂದಿದೆ. ಕರೋಂತೆ ಅದರ ದನಿಯ ಮೇಲೆಯೇ ಹಾಡಬೇಕೆಂದು ಮುಂದೆ ಸೂಚನೆಯೂ ಇದೆ. ರೀಗಲ್ ಅಂದರೆ ಒಂದು ಚಿಕ್ಕ ಪೆಟ್ಟಿಗೆ. ಮೇಲೆ ಮನೆಗಳು, ಒಳಗೆ ಲೋಹದ ನಾಲಗೆಗಳು, ಗಾಳಿಗೆ ತಿದಿ. ನಾಲಗೆ ಬಡಿಯುವ ಬಗೆ ನಮ್ಮ ಹಾರ್ಮೋನಿಯಂದಕ್ಕಿಂತ ಬೇರೆ, ಆದರೆ ಅದೇ ಕುಲ. ಯಾವ ಆಟ ನೋಡಿ ನಾನು ಪೇಟಿಯನ್ನು ಹೊರಗೆ ಹಾಕಿದೆನೋ ಆ ಆಟದೊಳಗೇ ಪೇಟಿಯ ಅಣ್ಣನೊಬ್ಬ ಕೂತಿದ್ದ.

ಇನ್ನೂ ದೊಡ್ಡ ಸಂಗತಿ ಅದರ ಪಕ್ಕದಲ್ಲೇ ಇತ್ತು. ಆ ಅಚ್ಚಾದ ಪುಸ್ತಕದಲ್ಲಿಯೂ ಬಹುಪಾಲು ಬರೆದದ್ದು ಎರಡೇ ಸಾಲು, ಹಾಡುವವನದೊಂದು, ಕೆಳಸ್ವರದ್ದೊಂದು. ಕೆಳಸ್ವರದ ಮೇಲೆ ಅಲ್ಲಲ್ಲಿ ಒಂದೊಂದು ಗುರುತು. ಉಳಿದದ್ದನ್ನು ತುಂಬುವವರು ನುಡಿಸುವವರು. ರೀಗಲ್, ಹಾರ್ಪ್ಸಿಕಾರ್ಡ್, ಮರದ ಕೊಳವೆಗಳ ಪುಟ್ಟ ಆರ್ಗನ್, ಉದ್ದ ಕುತ್ತಿಗೆಯ ಕಿಟಾರೋನೆ, ಇವುಗಳ ಮುಂದೆ ಕೂತವರು ಹಾಡುವವನ ಉಸಿರು ನೋಡಿ, ಎಲ್ಲಿ ಎಷ್ಟು ಕೊಡಬೇಕು, ಎಲ್ಲಿ ಸುಮ್ಮನಿರಬೇಕು ಎಂದು ಅಲ್ಲಿಯೇ ತೀರ್ಮಾನಿಸುತ್ತಾರೆ. ಬರೋಕ್ ಸಂಗೀತದ ಆ ಆವೇಶ, ಆ ನಾಟಕ, ಇದರ ಮೇಲೆ ನಿಂತದ್ದು. ಹಾರ್ನನ್‌ಕೋರ್ಟ್, ಸವಾಲ್ ಮುಂತಾದವರು ಹಳೆಯ ವಾದ್ಯಗಳ ಜೊತೆಗೆ ಈ ಬರೆಯದ ಭಾಗವನ್ನು ತುಂಬುವ ವಿದ್ಯೆಯನ್ನೂ ಹಳೆಯ ಗ್ರಂಥಗಳಿಂದ ಹೆಕ್ಕಿ ಹೆಕ್ಕಿ ಮತ್ತೆ ಕಲಿಯಬೇಕಾಯಿತು, ಏಕೆಂದರೆ ಅಲ್ಲಿ ಕಲಿಸುವ ಸರಪಳಿ ಕಡಿದುಹೋಗಿತ್ತು. ನಮ್ಮಲ್ಲಿ ಕಡಿದಿರಲಿಲ್ಲ. ಕೆಂಪು ಮಸಿಯ ‘ರಾಗ ಕಾಂಬೋದಿ’ಯ ಕೆಳಗೆ ಏನು ತುಂಬಬೇಕೆಂದು ಬಲ್ಲ ಮನುಷ್ಯ ನಮ್ಮೂರಲ್ಲೇ, ತೊಗರಿ ಚೀಲ ಹೊಲಿಯುತ್ತ ಕೂತಿದ್ದ. ವಾದ್ಯ ನೂರೈವತ್ತು ವರ್ಷದ್ದಿರಬಹುದು. ಅವನ ಕೈಯಲ್ಲಿದ್ದ ವಿದ್ಯೆ ಅದಕ್ಕಿಂತ ಹಳೆಯದು. ಮುಖವೀಣೆ ಹೋದಾಗ ಪೇಟಿಯ ಒಳಗೆ ಬಂದು ಸೇರಿಕೊಂಡದ್ದು.

ಲ್ಯಾಪ್‌ಟಾಪ್ ಹಿಡಿದು ಊರಿಗೆ ಹೋದೆ. ಮಾಸ್ತರರು ಬಾ ಎಂದರು, ಚಹಾ ಕೊಡಿಸಿದರು, ಹೋದ ವರ್ಷದ ಮಾತು ಎತ್ತಲಿಲ್ಲ. ನನ್ನ ತಪ್ಪಾಯಿತು ಎಂದೆ. ‘ಆಟ ಅಂದಮ್ಯಾಲ ಒಂದ್ ವರ್ಷ ಕೂಡ್ತದ, ಒಂದ್ ವರ್ಷ ಕೂಡಂಗಿಲ್ಲ’ ಎಂದು ಅದನ್ನು ಅಲ್ಲಿಗೇ ಬಿಟ್ಟರು. ಆಮೇಲೆ ಆರ್ಫಿಯೊ ತೋರಿಸಿದೆ. ಅವರು ಕಥೆ ಕೇಳಲಿಲ್ಲ. ಬೆಳಕಿಗೆ ಕೈ ಅಡ್ಡ ಹಿಡಿದು ವಾದ್ಯದವರ ಕೈಗಳನ್ನೇ ನೋಡಿದರು. ಅಂಬಿಗನ ಪದ ಬಂದಾಗ, ‘ಇದು ನಮ್ಮದೇ ಅದ ನೋಡು’ ಎಂದರು. ನಾನು ಹೇಳುವ ಮೊದಲೇ. ಸ್ವಲ್ಪ ತಡೆದು, ‘ಇವನ ಕೈ ಹಾಡೋನ ಮುಂದ ಹೋಗಂಗಿಲ್ಲ. ಹಿಂದಿಂದ ಬರ್ತದ. ಚಲೋ ಕಲತಾನ’ ಎಂದರು.

ಹೆಂಡತಿ ಸತ್ತ ಸುದ್ದಿ ಕೇಳಿ ಆರ್ಫಿಯೊ ಹಾಡುವ ಶೋಕಕ್ಕೆ ಮಾಂಟೆವರ್ಡಿ ಮೇಳವನ್ನೆಲ್ಲ ಸುಮ್ಮನಾಗಿಸಿ ಮರದ ಆರ್ಗನ್ ಒಂದು, ಕಿಟಾರೋನೆ ಒಂದು, ಎರಡೇ ಇಟ್ಟಿದ್ದಾನೆ. ಅದನ್ನು ಹಾಕಿದೆ. ಮಾಸ್ತರರು ಮುಗಿಯುವ ತನಕ ಮಾತಾಡಲಿಲ್ಲ. ಆಮೇಲೆ ಪೇಟಿ ಎಳೆದುಕೊಂಡು, ‘ಸೈರಂಧ್ರಿ ಪದಕ್ಕ ನಾನೂ ಮದ್ದಳಿ ಬಿಡಸ್ತೀನಿ. ಇಷ್ಟೇ ಹಿಡೀತೀನಿ’ ಎಂದು ಷಡ್ಜ ಪಂಚಮ ಒತ್ತಿ, ತಿದಿಯನ್ನು ಎಷ್ಟು ಮೆಲ್ಲಗೆ ಎಳೆದರೆಂದರೆ ದನಿ ಎಲ್ಲಿ ಶುರುವಾಯಿತೆಂದು ತಿಳಿಯಲಿಲ್ಲ. ತಾವೇ ಒಂದು ಸಾಲು ಹಾಡಿದರು. ಸಾಲಿನ ತುದಿಯಲ್ಲಿ ದನಿ ಜಾರಿ ಇಳಿಯುವ ಜಾಗದಲ್ಲಿ ಪೇಟಿಯ ಬೆರಳನ್ನು ಎತ್ತಿಬಿಟ್ಟರು, ದನಿ ಒಂಟಿಯಾಗಿ ಇಳಿಯಿತು, ತಲುಪಿದ ಮೇಲೆ ಪೇಟಿ ಮತ್ತೆ ಬಂದು ಕೂಡಿಕೊಂಡಿತು. ಪೇಟಿಗೆ ಜಾರಲು ಬರುವುದಿಲ್ಲ ಎಂದು ನಾನು ಅವರಿಗೆ ಪಾಠ ಹೇಳಿದ್ದೆ. ಬರುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಆದ್ದರಿಂದಲೇ ಆ ಜಾಗದಲ್ಲಿ ಕೈ ತೆಗೆಯುತ್ತಿದ್ದರು. ಇದನ್ನು ಯಾವ ಪುಸ್ತಕದಲ್ಲೂ ನಾನು ಓದಿರಲಿಲ್ಲ, ಅವರು ಇಷ್ಟು ವರ್ಷ ನನ್ನ ಎದುರಿಗೇ ಮಾಡುತ್ತಿದ್ದರೂ ಕೇಳಿಸಿಕೊಂಡಿರಲಿಲ್ಲ.

ಈ ವರ್ಷ ಮತ್ತೆ ‘ಕೀಚಕ ವಧೆ’ಯನ್ನೇ ಎತ್ತಬೇಕು, ಅರ್ಧಕ್ಕೆ ನಿಂತದ್ದು ಪೂರ್ತಿ ಆಗಬೇಕು ಎಂದರು. ನಾನು ದುಡ್ಡಿನ ಮಾತು ತೆಗೆದಾಗ ಬೇಡವೆಂದರು. ಎಲ್ಲರಂತೆ ಪಟ್ಟಿ ಹಾಕು ಸಾಕು. ನನಗೆ ಕೊಟ್ಟ ಕೆಲಸ, ಪರದೆಯ ಹಿಂದೆ ಪುಸ್ತಕ ಹಿಡಿದು ಕೂತು ಮಾತು ಮರೆತವರಿಗೆ ಎತ್ತಿಕೊಡುವುದು. ಆಮೇಲೆ ಅವರು ಕೇಳಿದ ಮಾತು ನಾನು ಎಣಿಸಿರದಿದ್ದದ್ದು: ‘ಆ ತುಮಕೂರವರಿಗೆ ಮತ್ತ ಬರ್ತೀರೇನ್ ಕೇಳು. ಪದಕ್ಕ ಬ್ಯಾಡ. ಒಡ್ಡೋಲಗದ ಕುಣಿತಕ್ಕ, ಭೀಮ ಕೀಚಕರ ಕಾಳಗಕ್ಕ ಬೇಕು. ಅಲ್ಲಿ ಹಾಡೋರು ಯಾರಿಲ್ಲ, ಅದು ಎಷ್ಟ್ ಮ್ಯಾಲ ಹೋದ್ರೂ ನಡೀತದ. ಆವತ್ತು ಕುಣಿತಕ್ಕ ಊದಿದ್ದು ಕೇಳೀನಿ ನಾ.’ ಆ ರಾತ್ರಿ ಅವರು ಬಯಲಲ್ಲಿ ಎಲ್ಲೋ ಕೂತಿದ್ದರೆಂದು ನನಗೆ ಆಗಲೇ ಗೊತ್ತಾದದ್ದು.

‘ಅಳಿಯಗ ಫೋನ್ ಹಚ್ಚು’ ಎಂದರು. ಹಚ್ಚಿದೆ. ಹಿಂದೆ ಕಾಂಕ್ರೀಟ್ ಮಿಷನ್ನಿನ ಸದ್ದು. ಸೂಟಿ ಸಿಗ್ತದೇನು ಎಂದು ಕೇಳಿದ ಮೇಲೆ ಮಾಸ್ತರರು ಫೋನನ್ನು ಪೇಟಿಯ ಮೇಲೆ ಇಡಿಸಿ, ‘ಸೈರಂಧ್ರಿ ಪದ ಹಾಡು ತಮ್ಮಾ, ಮುತ್ಯಾ ಹಾಡಿದಂಗ’ ಎಂದರು. ಅವನು ಮಿಷನ್ನಿನಿಂದ ದೂರ ನಡೆದು ಹೋದದ್ದು ಕೇಳಿಸಿತು. ಹಾಡಿದ. ಮಾಸ್ತರರು ಕರಿ ಎರಡು ಒತ್ತಿ ನೋಡಿದರು, ತಲೆ ಆಡಿಸಿದರು. ಕರಿ ಒಂದು ಒತ್ತಿದರು, ಕೂಡಿತು. ‘ಸಿಮಿಟಿನ ಧೂಳಿನಾಗ ಇದ್ದು ದನಿ ತುಸು ಇಳದದ, ಅಡ್ಡಿಲ್ಲ’ ಎಂದು ನನ್ನ ಕಡೆ ತಿರುಗಿ, ‘ಬರಕೋ’ ಎಂದರು. ನಾನು ಪುಸ್ತಕ ತೆಗೆದು, ‘ರಾಗ ಕಾಂಬೋದಿ, ತಾಳ ಆದಿ’ಯ ಪಕ್ಕದಲ್ಲಿ ‘ಕರಿ ಒಂದು’ ಎಂದು ಬರೆದುಕೊಂಡೆ. ಕೀಚಕನ ದನಿಯನ್ನೂ ನೋಡಬೇಕಿತ್ತು, ಅವನ ನಂಬರು ಹುಡುಕತೊಡಗಿದೆ.